ಮಗಳಿಗೆ ಮೊದಲ ಬೋರ್ಡ್: ರಾಸ್‌ಬೆರಿ ಪೈ ಕಿಟ್ ತಗೊಳ್ಳಲಾ, ಬೇರೆ ಏನಾದರೂ ನೋಡಲಾ?

ಶಿವಮೊಗ್ಗದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು. ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬ್‌ನಲ್ಲಿ ಎಲ್‌ಇಡಿ ಮಿನುಗಿಸುವುದು ಕಲಿತಳು. ಈಗ ಮನೆಯಲ್ಲೂ ಪ್ರೋಗ್ರಾಂ ಬರೆದು ಓಡಿಸುವಂಥ ಒಂದು ಎಲೆಕ್ಟ್ರಾನಿಕ್ಸ್ ಬೋರ್ಡ್ ಬೇಕು ಅಂತ ಹಟ ಹಿಡಿದಿದ್ದಾಳೆ. ನಾವು ಊರಿಗೆ ಹೋದಾಗ ಬಾಲ್ಕನಿಯ ಗಿಡಗಳಿಗೆ ತಾನಾಗಿ ನೀರು ಬೀಳಬೇಕು, ಅದು ಅವಳ ಆಸೆ.

ಆನ್‌ಲೈನ್‌ನಲ್ಲಿ "ಅಲ್ಟಿಮೇಟ್ ಸ್ಟಾರ್ಟರ್ ಕಿಟ್" ಅಂತ ಒಂದು ಕಂಡಿತು. ರಾಸ್‌ಬೆರಿ ಪೈ 5, ಕೇಸ್, ಫ್ಯಾನ್, ಸಣ್ಣ ಪರದೆ, 37 ಸೆನ್ಸರ್ ಎಲ್ಲ ಇವೆ. ಬೆಲೆ ನಮ್ಮ ಬಜೆಟ್‌ಗಿಂತ ತುಂಬಾ ಜಾಸ್ತಿ. ನಾವು ಅಂದುಕೊಂಡಿದ್ದು ಹೆಚ್ಚೆಂದರೆ 5,000 ರೂಪಾಯಿ. ಮನೆಯಲ್ಲಿ ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಇದೆ. ನನಗೆ ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲ, ಆದರೆ ಅವಳ ಜೊತೆ ಕೂತು ಕಲಿಯಲು ತಯಾರಿದ್ದೇನೆ. ಏನು ತಗೊಳ್ಳಲಿ?

ಹಾಸನದ ಮೇಷ್ಟ್ರು

ಮೇಡಂ, ಮೊದಲು ಒಂದು ಪ್ರಶ್ನೆ. ಮನೆಯಲ್ಲಿ ಲ್ಯಾಪ್‌ಟಾಪ್ ಇದೆ ಅಂದ ಮೇಲೆ ಇನ್ನೊಂದು ಕಂಪ್ಯೂಟರ್ ಯಾಕೆ ಬೇಕು?

ರಾಸ್‌ಬೆರಿ ಪೈ 5 ಪೂರ್ತಿ ಕಂಪ್ಯೂಟರ್. ಅದಕ್ಕೆ ಮೆಮೊರಿ ಕಾರ್ಡ್, ಮಾನಿಟರ್, ಕೀಬೋರ್ಡ್, ಮೌಸ್, ಅದರದ್ದೇ ಆದ ಪವರ್ ಸಪ್ಲೈ ಎಲ್ಲ ಬೇಕು. ಮಗಳ ಕೆಲಸಕ್ಕೆ ಬೇಕಿರುವುದು ಮೈಕ್ರೋಕಂಟ್ರೋಲರ್ ಬೋರ್ಡ್. ಅದಕ್ಕೆ ಪರದೆ ಬೇಡ, ಕೀಬೋರ್ಡ್ ಬೇಡ. ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಕೇಬಲ್ ಹಾಕಿ ಪ್ರೋಗ್ರಾಂ ಬರೆದು ಕಳಿಸಿದರೆ ಮುಗಿಯಿತು. ಆಮೇಲೆ ಕೇಬಲ್ ಕಿತ್ತು ಪವರ್ ಬ್ಯಾಂಕ್‌ಗೆ ಹಾಕಿದರೂ ಅದೇ ಪ್ರೋಗ್ರಾಂ ಓಡುತ್ತಿರುತ್ತದೆ.

ಇನ್ನೊಂದು ಮುಖ್ಯ ಕಾರಣ ಇದೆ. ಗಿಡದ ಮಣ್ಣಿನ ತೇವ ಅಳೆಯುವ ಸೆನ್ಸರ್ ಕೊಡುವುದು ಏರಿಳಿಯುವ ವೋಲ್ಟೇಜ್, ಅಂದರೆ ಅನಲಾಗ್ ಸಿಗ್ನಲ್. ಪೈ 5ರಲ್ಲಿ 40 ಪಿನ್ ಇವೆ, ಆದರೆ ಅನಲಾಗ್ ಓದುವ ಪಿನ್ ಒಂದೂ ಇಲ್ಲ. ಆ ವೋಲ್ಟೇಜನ್ನು ಅಂಕಿಯಾಗಿಸುವ ಎಂಸಿಪಿ3008 ಥರದ ಚಿಪ್ ಬೇರೆ ಸೇರಿಸಬೇಕು. ಅದೇ ಕಂಪನಿಯ ಚಿಕ್ಕ ಬೋರ್ಡ್ ರಾಸ್‌ಬೆರಿ ಪೈ ಪಿಕೊದಲ್ಲಿ ಮೂರು ಅನಲಾಗ್ ಪಿನ್ ಇವೆ. 2021ರಲ್ಲಿ ಬಂದಾಗ ಅದರ ಬೆಲೆ 4 ಡಾಲರ್. ಅವಳು ಮಾಡಬೇಕೆಂದಿರುವ ಕೆಲಸಕ್ಕೆ ಕಡಿಮೆ ಬೆಲೆಯ ಬೋರ್ಡೇ ಸರಿ.

ಐದನೇ, ಆರನೇ ಕ್ಲಾಸಿನ ಮಗು ಆಗಿದ್ದರೆ ನಾನು ಮೈಕ್ರೋಬಿಟ್ ಹೇಳುತ್ತಿದ್ದೆ. 25 ಎಲ್‌ಇಡಿಗಳ ಪುಟ್ಟ ಪರದೆ, ಎರಡು ಬಟನ್, ಅಲುಗಾಟ ಗುರುತಿಸುವ ಸೆನ್ಸರ್ ಎಲ್ಲ ಬೋರ್ಡಿನ ಮೇಲೇ ಇರುತ್ತವೆ. ಎರಡನೇ ಆವೃತ್ತಿಯಲ್ಲಿ ಮೈಕು, ಸ್ಪೀಕರೂ ಇದೆ. ಬಣ್ಣದ ಬ್ಲಾಕ್ ಜೋಡಿಸಿಯೇ ಪ್ರೋಗ್ರಾಂ ಮಾಡಬಹುದು, ವೈರ್ ಮುಟ್ಟದೆ ತಿಂಗಳುಗಟ್ಟಲೆ ಆಡಬಹುದು. ಎಂಟನೇ ಕ್ಲಾಸಿನವಳು, ಅದೂ ಸ್ವಂತ ಕೆಲಸ ಮನಸ್ಸಿನಲ್ಲಿ ಇಟ್ಟುಕೊಂಡಿರುವವಳು, ನೇರವಾಗಿ ಮೈಕ್ರೋಪೈಥಾನ್‌ಗೆ (ಇಂಥ ಬೋರ್ಡ್‌ಗಳಿಗೆ ಮಾಡಿದ ಪೈಥಾನ್ ಭಾಷೆ) ಹೋಗಬಹುದು. ಥಾನಿ ಅಂತ ಉಚಿತ ಎಡಿಟರ್ ಇದೆ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ.

ಎಂಬೆಡೆಡ್ ಬೆಂಗಳೂರು

ಮೇಷ್ಟ್ರ ಮಾತು ಒಪ್ಪುತ್ತೇನೆ. ಒಂದೇ ಬದಲಾವಣೆ: ವೈಫೈ ಇರುವ ಪಿಕೊ ತಗೊಳ್ಳಿ. ಊರಿನಿಂದಲೇ ಮೊಬೈಲ್‌ನಲ್ಲಿ ಮಣ್ಣಿನ ತೇವ ನೋಡಬಹುದು ಅಂದರೆ ಮಗುವಿನ ಉತ್ಸಾಹವೇ ಬೇರೆ. ಹೆಸರಿನ ಕೊನೆಯ ಅಕ್ಷರಗಳನ್ನು ಗಮನಿಸಿ. ಡಬ್ಲ್ಯೂ ಅಂದರೆ ವೈಫೈ. ಎಚ್ ಅಂದರೆ ಪಿನ್‌ಗಳನ್ನು ಮೊದಲೇ ಬೆಸುಗೆ ಹಾಕಿರುತ್ತಾರೆ. ನಿಮಗೆ "ಪಿಕೊ ಡಬ್ಲ್ಯೂಎಚ್" ಬೇಕು. ಎಚ್ ಇಲ್ಲದ್ದು ತಂದರೆ ಮೊದಲ ದಿನವೇ 40 ಪಿನ್ ಬೆಸುಗೆ ಹಾಕುವ ಕೆಲಸ ಬೀಳುತ್ತದೆ.

ಇಎಸ್‌ಪಿ32 ತಗೊಳ್ಳಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಅದೂ ವೈಫೈ ಇರುವ ಮೈಕ್ರೋಕಂಟ್ರೋಲರ್. ಒಳ್ಳೆಯ ಚಿಪ್, ನನ್ನ ಮನೆಯಲ್ಲಿ ಹೆಚ್ಚು ಓಡುತ್ತಿರುವುದು ಅದೇ. ಆದರೆ ಮೊದಲ ಬೋರ್ಡ್ ಆಗಿ ಸ್ವಲ್ಪ ಕಷ್ಟ. ಒಂದೇ ಹೆಸರಿನಲ್ಲಿ ಹತ್ತಾರು ತಯಾರಕರ ಬೋರ್ಡ್‌ಗಳಿವೆ, ಪಿನ್ ಜೋಡಣೆ ಒಂದೊಂದರಲ್ಲಿ ಒಂದೊಂದು ಥರ. ಹಳೆಯ ಇಎಸ್‌ಪಿ32ರಲ್ಲಿ ವೈಫೈ ಆನ್ ಇದ್ದಾಗ ಅನಲಾಗ್ ಪಿನ್‌ಗಳ ಒಂದು ಗುಂಪು ಕೆಲಸವನ್ನೇ ಮಾಡುವುದಿಲ್ಲ. ಗೊತ್ತಿದ್ದವರಿಗೆ ತೊಂದರೆ ಇಲ್ಲ. ಹೊಸಬರು ಮಾತ್ರ ಇಡೀ ಸಂಜೆ ತಮ್ಮ ಪ್ರೋಗ್ರಾಂನಲ್ಲೇ ತಪ್ಪು ಹುಡುಕುತ್ತಾ ಕೂರುತ್ತಾರೆ.

ಇನ್ನು ಆ 37 ಸೆನ್ಸರ್. ದಯವಿಟ್ಟು ಬೇಡ. ಪಾದರಸದ ಸ್ವಿಚ್ಚು, ಬೆಂಕಿ ಗುರುತಿಸುವುದು, ನಾಡಿಬಡಿತ ಅಂತ ಹೇಳಿಕೊಳ್ಳುವ ಒಂದು ಮಾಡ್ಯೂಲು, ಹೀಗೆ ಲೆಕ್ಕಕ್ಕೆ ಇರುತ್ತವೆ. ಬಹಳಷ್ಟಕ್ಕೆ ಸರಿಯಾದ ವಿವರಣೆ ಇರುವುದಿಲ್ಲ, ಎಷ್ಟೋ ಮಾಡ್ಯೂಲ್‌ಗಳು 5 ವೋಲ್ಟ್‌ಗೆ ಮಾಡಿದ್ದು. ಪಿಕೊ ಆಗಲಿ ಪೈ ಆಗಲಿ, ಪಿನ್‌ಗಳು ತಡೆದುಕೊಳ್ಳುವುದು 3.3 ವೋಲ್ಟ್. ಪಿನ್‌ಗೆ 5 ವೋಲ್ಟ್ ಹೋದರೆ ಬೋರ್ಡ್ ಸಾಯಬಹುದು. ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಎಲ್ಲ ಕಿಟ್‌ನಲ್ಲೂ ಇರುತ್ತದೆ, ಅದರ ಎಕೋ ಪಿನ್ನಿನಿಂದ ಬರುವುದು 5 ವೋಲ್ಟ್. ಮಧ್ಯದಲ್ಲಿ 1 ಕಿಲೋ ಓಮ್, 2 ಕಿಲೋ ಓಮ್ ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಬೇಕು. ಇದನ್ನು ಹೇಳದ ಕಿಟ್ ಪುಸ್ತಕ ಮಕ್ಕಳ ಕೈಗೆ ಕೊಡುವಂಥದ್ದಲ್ಲ.

ಬಿಡಿಬಿಡಿಯಾಗಿ ಹೀಗೆ ತಗೊಳ್ಳಿ: ಪಿಕೊ ಡಬ್ಲ್ಯೂಎಚ್, 830 ತೂತಿನ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರ್ ಚುಚ್ಚಿ ಜೋಡಿಸುವ ಹಲಗೆ), ಗಂಡು-ಗಂಡು ಮತ್ತು ಗಂಡು-ಹೆಣ್ಣು ಜಂಪರ್ ವೈರ್, 330 ಓಮ್, 1 ಕಿಲೋ, 10 ಕಿಲೋ ರೆಸಿಸ್ಟರ್ ಒಂದೊಂದು ಪ್ಯಾಕೆಟ್, ನಾಲ್ಕಾರು ಎಲ್‌ಇಡಿ, ಬಟನ್. ಮಣ್ಣಿನ ತೇವಕ್ಕೆ ಕೆಪ್ಯಾಸಿಟಿವ್ ಅಂತ ಬರೆದಿರುವುದನ್ನೇ ಕೇಳಿ. ಎರಡು ಕಾಲಿನ ಲೋಹದ್ದು ಅಗ್ಗ, ಆದರೆ ಒದ್ದೆ ಮಣ್ಣಿನಲ್ಲಿ ಕರೆಂಟ್ ಹರಿದು ಬೇಗ ತುಕ್ಕು ಹಿಡಿಯುತ್ತದೆ. ಜೊತೆಗೆ ಒಂದು ಸಾಧಾರಣ ಮಲ್ಟಿಮೀಟರ್. ಕಿಟ್‌ಗಳಲ್ಲಿ ಸಾಮಾನ್ಯವಾಗಿ ಇರದ, ಆದರೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ವಸ್ತು ಅದು. ಇಷ್ಟೂ ನಿಮ್ಮ ಬಜೆಟ್ಟಿನ ಒಳಗೇ ಮುಗಿದು ದುಡ್ಡು ಉಳಿಯುತ್ತದೆ.

ಧಾರವಾಡ ಲಿನಕ್ಸ್

ಎಲ್ಲರೂ ಪೈ ಬೇಡ ಅನ್ನುತ್ತಿದ್ದೀರಿ. ಅದರ ಪರವಾಗಿ ನಾನು ನಾಲ್ಕು ಮಾತು ಹೇಳುತ್ತೇನೆ. 2012ರ ಫೆಬ್ರುವರಿ 29ರಂದು ಮೊದಲ ರಾಸ್‌ಬೆರಿ ಪೈ ಬಂತು. ಎಬೆನ್ ಅಪ್ಟನ್ ಮತ್ತು ಕೇಂಬ್ರಿಜ್‌ನ ಅವರ ಜೊತೆಗಾರರಿಗೆ ಇದ್ದ ಚಿಂತೆ ಒಂದೇ. ಕಂಪ್ಯೂಟರ್ ಸೈನ್ಸ್ ಓದಲು ಬರುವ ಮಕ್ಕಳಿಗೆ ಪ್ರೋಗ್ರಾಂ ಬರೆದು ರೂಢಿಯೇ ಇರಲಿಲ್ಲ. ಬಿಚ್ಚಿ, ಕೆಡಿಸಿ, ಮತ್ತೆ ಜೋಡಿಸಲು ಹೆದರಿಕೆ ಇಲ್ಲದ ಒಂದು ಕಂಪ್ಯೂಟರ್ ಕೊಡಬೇಕು ಅಂತ ಅದನ್ನು ಮಾಡಿದರು. ಮೆಮೊರಿ ಕಾರ್ಡ್ ಅಳಿಸಿ ಮತ್ತೆ ಬರೆದರೆ ಹೊಸ ಕಂಪ್ಯೂಟರ್. ಮನೆಯವರ ಕೆಲಸದ ಲ್ಯಾಪ್‌ಟಾಪ್‌ನಲ್ಲಿ ಆ ಸ್ವಾತಂತ್ರ್ಯ ಮಗುವಿಗೆ ಸಿಗುವುದಿಲ್ಲ. ಲಿನಕ್ಸ್, ಕಮಾಂಡ್ ಲೈನ್, ವೆಬ್ ಸರ್ವರ್ ಕಲಿಯಲು ಪಿಕೊದಲ್ಲಿ ಆಗುವುದಿಲ್ಲ.

ಮನೆಯಲ್ಲಿ ಕಂಪ್ಯೂಟರೇ ಇಲ್ಲದವರು ಈ ಚರ್ಚೆ ಓದುತ್ತಿದ್ದರೆ ಪೈ 400 ಅಥವಾ ಪೈ 500 ನೋಡಿ. ಕೀಬೋರ್ಡ್ ಒಳಗೇ ಕಂಪ್ಯೂಟರ್ ಇರುತ್ತದೆ. ಟಿವಿಗೆ ಹಾಕಿದರೆ ಸಾಕು. ಪಿನ್‌ಗಳು ಹಿಂಭಾಗದಲ್ಲಿವೆ, ಕೇಸ್ ಮತ್ತು ಫ್ಯಾನ್ ಹುಡುಕುವ ಕೆಲಸ ಇಲ್ಲ.

ಕನ್ನಡದವರಿಗೆ ಒಂದು ಸಣ್ಣ ಮಾತು. ಹೊಸದಾಗಿ ಹಾಕಿದ ಸಿಸ್ಟಮ್‌ನಲ್ಲಿ ಕನ್ನಡ ಚೌಕ ಚೌಕವಾಗಿ ಕಂಡರೆ ಗಾಬರಿ ಬೇಡ. ಕನ್ನಡ ಫಾಂಟ್ ಪ್ಯಾಕೇಜ್ ಹಾಕಿ. ಗುಬ್ಬಿ, ನವಿಲು, ಲೋಹಿತ್ ಕನ್ನಡ ಎಲ್ಲ ಡೆಬಿಯನ್ ಭಂಡಾರದಲ್ಲೇ ಉಚಿತವಾಗಿ ಸಿಗುತ್ತವೆ.

ಹಾಸನದ ಮೇಷ್ಟ್ರು

ಧಾರವಾಡದವರು ಹೇಳಿದ್ದು ಸರಿ. ನನ್ನ ಆಕ್ಷೇಪ ಇರುವುದು ಪೈ ಮೇಲಲ್ಲ, ಕ್ರಮದ ಮೇಲೆ. ಒಂದೇ ದಿನ ಲಿನಕ್ಸ್, ಪೈಥಾನ್, ವೈರಿಂಗ್ ಮೂರೂ ತಲೆಗೆ ಬಂದರೆ ಮಗು ಯಾವುದು ಕೆಟ್ಟಿದೆ ಅಂತ ಕಂಡುಹಿಡಿಯಲಾರದು. ಲ್ಯಾಬ್‌ನಲ್ಲಿ ಪ್ರತಿ ವರ್ಷ ನೋಡುತ್ತೇನೆ. ಎಲ್‌ಇಡಿ ಹತ್ತದಿದ್ದರೆ ಪಿಕೊದಲ್ಲಿ ಹುಡುಕಬೇಕಾದ್ದು ಎರಡೇ ಜಾಗ: ವೈರು, ಪ್ರೋಗ್ರಾಂ. ಹುಡುಕಿ ಸರಿಮಾಡಿದ ಮಗು ಮುಂದಿನ ವಾರ ತಾನೇ ಬೇಗ ಬಂದು ಕೂರುತ್ತದೆ.

ಕಲಬುರಗಿ ಡಿಪ್ಲೊಮಾ

ಅಣ್ಣಂದಿರೇ, ಮಧ್ಯದಲ್ಲಿ ನನ್ನದೂ ಒಂದು ಪ್ರಶ್ನೆ. ಕೊನೆ ವರ್ಷದ ಪ್ರಾಜೆಕ್ಟು. ಬೆಲ್ಟ್ ಮೇಲೆ ಹೋಗುವ ತೊಗರಿ ಬೇಳೆಯಲ್ಲಿ ಕಲ್ಲು, ಕಪ್ಪು ಕಾಳು ಕ್ಯಾಮೆರಾದಿಂದ ಗುರುತಿಸಬೇಕು. ನಾಲ್ಕು ಜನ ಸೇರಿ ದುಡ್ಡು ಹಾಕುತ್ತಿದ್ದೇವೆ. ಎನ್‌ವಿಡಿಯಾದ ಎಐ ಬೋರ್ಡ್, ಹಳೆಯ ಜೆಟ್ಸನ್ ನ್ಯಾನೋ ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ. ಅದು ತಗೊಳ್ಳೋದಾ, ಪೈ 5 ತಗೊಳ್ಳೋದಾ? ಪೈ ಆದರೆ 16 ಜಿಬಿ ಬೇಕಾ?

ಎಂಬೆಡೆಡ್ ಬೆಂಗಳೂರು

ತಮ್ಮಾ, ಒಳ್ಳೆಯ ಪ್ರಾಜೆಕ್ಟು. ಹಳೆಯ ಜೆಟ್ಸನ್ ನ್ಯಾನೋ ಬೇಡ. 2019ರಲ್ಲಿ 99 ಡಾಲರ್‌ಗೆ ಬಂದಾಗ ಅದು ಅದ್ಭುತ. ಆದರೆ ಅದರ ಅಧಿಕೃತ ಸಾಫ್ಟ್‌ವೇರ್ ಉಬುಂಟು 18.04ಕ್ಕೇ ನಿಂತಿದೆ. ಇವತ್ತಿನ ಪೈಥಾನ್ ಲೈಬ್ರರಿಗಳನ್ನು ಅದರಲ್ಲಿ ಕೂರಿಸುವುದಕ್ಕೇ ನಿಮ್ಮ ಸೆಮಿಸ್ಟರ್ ಹೋಗುತ್ತದೆ. ಹೊಸ ಜೆಟ್ಸನ್ ಓರಿನ್ ನ್ಯಾನೋ ಬೇರೆಯೇ ದರ್ಜೆಯದು. 2024ರ ಡಿಸೆಂಬರ್‌ನಲ್ಲಿ ಅದರ ಬೆಲೆ ಇಳಿಸಿದ ಮೇಲೂ 249 ಡಾಲರ್. ನಿಮ್ಮ ಕೆಲಸಕ್ಕೆ ಅಷ್ಟು ಬೇಡ.

ಪೈ 5, 4 ಜಿಬಿ ಸಾಕು. ಕಲ್ಲು, ಕಾಳು ಗುರುತಿಸುವ ಎಐ ಮಾಡೆಲ್‌ಗೆ ತರಬೇತಿ ಕೊಡುವುದು ಕಾಲೇಜಿನ ಕಂಪ್ಯೂಟರ್‌ನಲ್ಲಿ, ಪೈ ಮೇಲೆ ಓಡಿಸುವುದು ಸಿದ್ಧವಾದ ಚಿಕ್ಕ ಮಾಡೆಲ್ ಮಾತ್ರ. ಮೆಮೊರಿ ಚಿಪ್‌ಗಳ ಬೆಲೆ ಏರಿರುವುದರಿಂದ ಜಾಸ್ತಿ ಜಿಬಿಯ ಬೋರ್ಡ್‌ಗಳೇ ಹೆಚ್ಚು ದುಬಾರಿಯಾಗಿವೆ. 16 ಜಿಬಿಗೆ ಕೊಡುವ ದುಡ್ಡು ಕ್ಯಾಮೆರಾ ಮತ್ತು ಬೆಳಕಿಗೆ ಹಾಕಿ.

ಕ್ಯಾಮೆರಾ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಪ್ರಾಜೆಕ್ಟ್ ನಿಂತಿರುವುದೇ ಅದರ ಮೇಲೆ. ಎಲ್ಲರೂ ಹೇಳುವುದು ಕ್ಯಾಮೆರಾ ಮಾಡ್ಯೂಲ್ 3. 12 ಮೆಗಾಪಿಕ್ಸೆಲ್, ಆಟೋಫೋಕಸ್. ನಿಂತ ವಸ್ತುವಿಗೆ ಚೆನ್ನಾಗಿದೆ. ಆದರೆ ಅದು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಬೆಲ್ಟ್ ಜೋರಾಗಿ ಓಡುತ್ತಿದ್ದರೆ ದುಂಡು ಕಾಳು ಓರೆಯಾಗಿ ಕಾಣುತ್ತದೆ. ಇದಕ್ಕೆಂದೇ ಗ್ಲೋಬಲ್ ಶಟರ್ ಕ್ಯಾಮೆರಾ ಇದೆ. ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುತ್ತದೆ. ಬರೀ 1.6 ಮೆಗಾಪಿಕ್ಸೆಲ್, ಆದರೆ ನಿಮಗೆ ಅಷ್ಟು ಸಾಕು. ಲೆನ್ಸ್ ಬೇರೆ ಕೊಳ್ಳಬೇಕು, ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬೆಲ್ಟ್ ನಿಧಾನ ಮಾಡಲು ಸಾಧ್ಯವಿದ್ದರೆ ಮಾಡ್ಯೂಲ್ 3ರಲ್ಲೇ ಮುಗಿಯುತ್ತದೆ.

ಕೇಬಲ್ ಮರೆಯಬೇಡಿ. ಪೈ 4ರಲ್ಲಿ ಕ್ಯಾಮೆರಾ ಕನೆಕ್ಟರ್ 15 ಪಿನ್ನಿಂದು. ಪೈ 5ರಲ್ಲಿ ಇನ್ನೂ ಸಣ್ಣ 22 ಪಿನ್ನಿಂದು. ಹಳೆಯ ಕೇಬಲ್ ಕೂರುವುದೇ ಇಲ್ಲ. ಪೈ 5ಕ್ಕೆ ಅಂತ ಬರೆದಿರುವ ಕೇಬಲ್ ಕೇಳಿ ತನ್ನಿ. ಪ್ರಾಜೆಕ್ಟ್ ಒಪ್ಪಿಸುವ ವಾರ ಇಷ್ಟು ಸಣ್ಣ ಪಟ್ಟಿಗೆ ಕೊರಿಯರ್ ಕಾಯುತ್ತಾ ಕೂತವರನ್ನು ನೋಡಿದ್ದೇನೆ.

ಮಾಡೆಲ್ ನಿಧಾನ ಅನ್ನಿಸಿದರೆ ಆಮೇಲೆ ಹೈಲೋ ಚಿಪ್ ಇರುವ ಎಐ ಬೋರ್ಡ್ ಸೇರಿಸಬಹುದು. ಅದು ಕೂರುವುದು ಪಿಸಿಐಇ ಕನೆಕ್ಟರ್‌ಗೆ, ಪೈ 5ರಲ್ಲಿ ಅಂಥದ್ದು ಒಂದೇ ಇದೆ. ಅಲ್ಲಿ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಕೊಂಡಿದ್ದರೆ ಜಾಗ ಇರುವುದಿಲ್ಲ. ಹಾಗಾಗಿ ಈಗಲೇ ಎಸ್‌ಎಸ್‌ಡಿ ಕೊಳ್ಳಬೇಡಿ.

ಕಲಬುರಗಿಯ ಬೇಸಿಗೆಗೆ ಆಕ್ಟಿವ್ ಕೂಲರ್, ಅಂದರೆ ಫ್ಯಾನ್ ಇರುವ ಕೂಲರ್, ಬೇಕೇ ಬೇಕು. ರೂಮೇ 40 ಡಿಗ್ರಿ ದಾಟಿದಾಗ ಬರೀ ಹೀಟ್‌ಸಿಂಕ್ ಸಾಲದು. ಚಿಪ್ 80 ಡಿಗ್ರಿ ಮುಟ್ಟಿದ ಮೇಲೆ ಪೈ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಪರೀಕ್ಷಕರ ಮುಂದೆ ಅದಾಗುವುದು ಬೇಡ.

ಕಲಬುರಗಿ ಡಿಪ್ಲೊಮಾ

ಬಹಳ ಉಪಕಾರ ಅಣ್ಣ. ಪವರ್‌ಗೆ ನನ್ನ ಹತ್ತಿರ ಲ್ಯಾಪ್‌ಟಾಪಿನ 65 ವ್ಯಾಟ್ ಟೈಪ್-ಸಿ ಚಾರ್ಜರ್ ಇದೆ. ಪೈ 5ಕ್ಕೆ ಬೇಕಿರುವುದು 27 ವ್ಯಾಟ್ ಅಲ್ವಾ? ಸಾಕಾಗುತ್ತೆ ಅಲ್ವಾ?

ಎಂಬೆಡೆಡ್ ಬೆಂಗಳೂರು

ಸಾಕಾಗುವುದಿಲ್ಲ. ಎಲ್ಲರೂ ಇದನ್ನು ಓದಲಿ ಅಂತ ಉದ್ದವಾಗಿ ಬರೆಯುತ್ತೇನೆ.

ಟೈಪ್-ಸಿ ಚಾರ್ಜರ್ ಜಾಸ್ತಿ ವ್ಯಾಟ್ ಕೊಡುವುದು ವೋಲ್ಟೇಜ್ ಏರಿಸಿ. 9, 15, 20 ವೋಲ್ಟ್‌ಗೆ ಹೋಗಿ 65 ವ್ಯಾಟ್ ಮುಟ್ಟುತ್ತದೆ. 5 ವೋಲ್ಟ್‌ನಲ್ಲಿ ಸಾಮಾನ್ಯವಾಗಿ ಸಿಗುವುದು 3 ಆಂಪ್ ಮಾತ್ರ. ಪೈ ತಗೊಳ್ಳುವುದು 5 ವೋಲ್ಟ್ ಒಂದೇ. ಅಂದರೆ ನಿಮ್ಮ 65 ವ್ಯಾಟ್ ಚಾರ್ಜರ್ ಪೈ ಪಾಲಿಗೆ 15 ವ್ಯಾಟ್. ಪೈ 5 ಕೇಳುವುದು 5 ವೋಲ್ಟ್‌ನಲ್ಲೇ 5 ಆಂಪ್. ಅದನ್ನು ಕೊಡುವ ಅಡಾಪ್ಟರ್‌ಗಳು ಕಡಿಮೆ, ಅದಕ್ಕೇ ಅಧಿಕೃತ 27 ವ್ಯಾಟ್ ಅಡಾಪ್ಟರ್ ಹೇಳುವುದು.

3 ಆಂಪ್‌ನಲ್ಲೂ ಪೈ 5 ಶುರುವಾಗುತ್ತದೆ. ಆದರೆ ನಾಲ್ಕೂ ಯುಎಸ್‌ಬಿ ಪೋರ್ಟ್‌ಗೆ ಸೇರಿ 600 ಮಿಲಿಆಂಪ್ ಮಾತ್ರ ಬಿಡುತ್ತದೆ. 5 ಆಂಪ್ ಅಡಾಪ್ಟರ್ ಇದ್ದರೆ 1.6 ಆಂಪ್. ಕೀಬೋರ್ಡು, ಮೌಸು ನಡೆಯುತ್ತವೆ. ಹೊರಗಿನ ಹಾರ್ಡ್ ಡಿಸ್ಕ್ ಹಾಕಿದರೆ ಇದ್ದಕ್ಕಿದ್ದಂತೆ ಮಾಯವಾಗುತ್ತದೆ, ನೀವು ಡಿಸ್ಕ್ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ಪೈ 4 ಇರುವವರಿಗೆ 5 ವೋಲ್ಟ್ 3 ಆಂಪ್ ಸಾಕು. ಅಲ್ಲಿ ಮೋಸ ಮಾಡುವುದು ಕೇಬಲ್. ಉದ್ದನೆಯ ತೆಳು ಕೇಬಲ್‌ನಲ್ಲಿ ವೋಲ್ಟೇಜ್ ಇಳಿಯುತ್ತದೆ. 4.63ಕ್ಕಿಂತ ಕೆಳಗೆ ಬಿದ್ದರೆ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತದೆ. ಆ ಗುರುತು ಕಂಡರೆ ಬೇರೆ ಏನನ್ನೂ ಹುಡುಕಬೇಡಿ, ಮೊದಲು ಕೇಬಲ್ ಮತ್ತು ಅಡಾಪ್ಟರ್ ಬದಲಿಸಿ. ಸೆಕೆಂಡ್ ಹ್ಯಾಂಡ್ ಪೈ 4 ಕೊಳ್ಳುವವರು ಇನ್ನೊಂದು ನೋಡಿ. 2019ರ ಮೊದಲ ಬ್ಯಾಚ್‌ಗಳಲ್ಲಿ ಟೈಪ್-ಸಿ ಸರ್ಕ್ಯೂಟ್‌ನಲ್ಲಿ ದೋಷ ಇತ್ತು. ಲ್ಯಾಪ್‌ಟಾಪ್ ಜೊತೆ ಬರುವ ಚಿಪ್ ಇರುವ ಕೇಬಲ್ ಹಾಕಿದರೆ ಅದು ಪವರ್ರೇ ತಗೊಳ್ಳುವುದಿಲ್ಲ. ಸಾಧಾರಣ ಕೇಬಲ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. 1.2 ಆವೃತ್ತಿಯಿಂದ ಅದನ್ನು ಸರಿಮಾಡಿದ್ದಾರೆ.

ಮೆಮೊರಿ ಕಾರ್ಡ್ ಕೂಡ ಇದೇ ಕಥೆ. ಎ1 ಅಥವಾ ಎ2 ಗುರುತು ಇರುವುದು ತಗೊಳ್ಳಿ. ಚಿಕ್ಕ ಚಿಕ್ಕ ಫೈಲ್‌ಗಳನ್ನು ಎಷ್ಟು ಬೇಗ ಓದಿ ಬರೆಯುತ್ತದೆ ಅನ್ನುವ ಗುರುತು ಅದು, ಪೈಗೆ ಬೇಕಿರುವುದು ಅದೇ. 32 ಜಿಬಿ ಧಾರಾಳ. ನಕಲಿ ಕಾರ್ಡ್ ತುಂಬಾ ಇವೆ. ಹೊರಗೆ 128 ಅಂತ ಬರೆದಿರುತ್ತದೆ, ಒಳಗೆ 8 ಇರುತ್ತದೆ. ತಂದ ದಿನವೇ ಎಫ್3 ಅಥವಾ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ಪ್ರೋಗ್ರಾಂನಿಂದ ಪೂರ್ತಿ ತುಂಬಿಸಿ ಓದಿ ನೋಡಿ. ಅಂಗಡಿಗೆ ವಾಪಸ್ ಕೊಡುವ ಅವಧಿಯ ಒಳಗೇ ಮಾಡಿ.

ಶಿರಸಿ ತೋಟದಮನೆ

ಚರ್ಚೆ ಚೆನ್ನಾಗಿ ಬರುತ್ತಿದೆ, ನನ್ನ ತೋಟದ ಸಮಸ್ಯೆಯನ್ನೂ ಇಲ್ಲೇ ಇಡುತ್ತೇನೆ. ಗುಡ್ಡದ ಮೇಲೆ ನೀರಿನ ಟ್ಯಾಂಕ್. ಮನೆಯಿಂದ ಅರ್ಧ ಕಿಲೋಮೀಟರ್‌ಗೂ ಜಾಸ್ತಿ. ಮೊಬೈಲ್ ಸಿಗ್ನಲ್ ಇಲ್ಲ, ಮಧ್ಯದಲ್ಲಿ ಅಡಿಕೆ ಮರಗಳು. ಟ್ಯಾಂಕ್ ತುಂಬಿದೆಯಾ ಅಂತ ಮನೆಯಲ್ಲೇ ಗೊತ್ತಾಗಬೇಕು. ಸಾಧ್ಯವಾದರೆ ಪಂಪನ್ನೂ ಆಫ್ ಮಾಡಬೇಕು. ಒಬ್ಬರು ಪೈ ಹಾಕಿ ಸೋಲಾರ್ ಕೂರಿಸಿ ಅಂದರು.

ಎಂಬೆಡೆಡ್ ಬೆಂಗಳೂರು

ಹೆಗಲ ಮೇಲೆ ಪೈ ಹೊತ್ತು ಗುಡ್ಡ ಹತ್ತುವುದು ಬೇಡ ಸರ್. ಸುಮ್ಮನೆ ಕೂತಿದ್ದರೂ ಪೈಗೆ ಎರಡು ಮೂರು ವ್ಯಾಟ್ ಬೇಕು. ಮಳೆಗಾಲದಲ್ಲಿ ನಿಮ್ಮ ಕಡೆ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ, ಅಷ್ಟಕ್ಕೆ ದೊಡ್ಡ ಪ್ಯಾನೆಲ್ಲು, ದೊಡ್ಡ ಬ್ಯಾಟರಿ ಬೇಕಾಗುತ್ತದೆ. ಇಎಸ್‌ಪಿ32 ಮತ್ತು ಲೋರಾ ರೇಡಿಯೋ (ಕಡಿಮೆ ಕರೆಂಟ್‌ನಲ್ಲಿ ದೂರಕ್ಕೆ ಸಣ್ಣ ಸುದ್ದಿ ಕಳಿಸುವಂಥದ್ದು) ಇರುವ ಬೋರ್ಡ್ ಸಾಕು. ಹತ್ತು ನಿಮಿಷಕ್ಕೊಮ್ಮೆ ಎದ್ದು, ಟ್ಯಾಂಕ್ ನೋಡಿ, ಸುದ್ದಿ ಕಳಿಸಿ ಮತ್ತೆ ನಿದ್ದೆ. ಮನೆಯಲ್ಲಿ ಅಂಥದ್ದೇ ಇನ್ನೊಂದು ಬೋರ್ಡ್. ನಿದ್ದೆಯಲ್ಲಿ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಬೋರ್ಡ್ ಕೊಳ್ಳುವ ಮೊದಲು ನೋಡಿ. ಚಿಪ್ ತೀರಾ ಕಡಿಮೆ ತಗೊಂಡರೂ ಕೆಲವು ಬೋರ್ಡ್‌ಗಳಲ್ಲಿ ಯುಎಸ್‌ಬಿ ಚಿಪ್ಪು, ರೆಗ್ಯುಲೇಟರು ಸುಮ್ಮನೆ ಬ್ಯಾಟರಿ ತಿನ್ನುತ್ತಿರುತ್ತವೆ.

ಲೋರಾ ಬೋರ್ಡ್ 433, 868, 915 ಅಂತ ಮೂರು ಥರ ಮಾರುತ್ತಾರೆ. ನಮ್ಮ ದೇಶದಲ್ಲಿ ಲೋರಾಗೆ ಲೈಸೆನ್ಸ್ ಇಲ್ಲದೆ ಬಳಸುವುದು 865ರಿಂದ 868 ಮೆಗಾಹರ್ಟ್ಜ್. 868 ಅಂತ ಬರೆದಿರುವುದನ್ನು ಕೊಂಡು ಪ್ರೋಗ್ರಾಂನಲ್ಲಿ 866ಕ್ಕೆ ಇಟ್ಟುಕೊಳ್ಳಿ. 915 ಅಮೆರಿಕದ್ದು, ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಆಂಟೆನಾ ಹಾಕದೆ ಬೋರ್ಡ್ ಆನ್ ಮಾಡಬೇಡಿ, ರೇಡಿಯೋ ಸುಟ್ಟುಹೋಗಬಹುದು. ಅಡಿಕೆ ಮರದ ನಡುವೆ ಸಿಗ್ನಲ್ ಕುಗ್ಗುತ್ತದೆ, ಎರಡೂ ಕಡೆ ಆಂಟೆನಾ ಆದಷ್ಟು ಎತ್ತರದಲ್ಲಿರಲಿ.

ಟ್ಯಾಂಕ್ ತುಂಬಿತಾ ಇಲ್ಲವಾ ಅಷ್ಟೇ ತಿಳಿಯಬೇಕಿದ್ದರೆ ಫ್ಲೋಟ್ ಸ್ವಿಚ್ ಹಾಕಿ. ಮೇಲೊಂದು, ಕೆಳಗೊಂದು. ಅದಕ್ಕಿಂತ ನಂಬಿಕೆಯ ಸೆನ್ಸರ್ ಇಲ್ಲ. ಎಷ್ಟು ಅಡಿ ನೀರು ಅಂತ ಬೇಕಾದರೆ ನೀರು ತಾಗಿದರೂ ಕೆಡದ ಅಲ್ಟ್ರಾಸಾನಿಕ್ ಸೆನ್ಸರ್ ಇದೆ. ಆದರೆ ಮುಖದ ಹತ್ತಿರದ ಸುಮಾರು 20, 25 ಸೆಂಟಿಮೀಟರ್ ಒಳಗೆ ಅದಕ್ಕೆ ಏನೂ ಕಾಣಿಸುವುದಿಲ್ಲ. ತುಂಬಿದ ನೀರಿನ ಮಟ್ಟಕ್ಕಿಂತ ಅಷ್ಟು ಎತ್ತರದಲ್ಲಿ ಕೂರಿಸಬೇಕು.

ಬ್ಯಾಟರಿ: 18650 ಸೆಲ್ ಮೇಲೆ 9,000 ಅಂತ ಬರೆದಿದ್ದರೆ ಅದು ಸುಳ್ಳು. ಒಳ್ಳೆಯ ಕಂಪನಿಯ ಸೆಲ್‌ಗಳೇ ಸಾಮಾನ್ಯವಾಗಿ 2,000ದಿಂದ 3,500 ಮಿಲಿಆಂಪ್ ಅವರ್.

ಪಂಪ್ ವಿಷಯದಲ್ಲಿ ಕೈಮುಗಿದು ಕೇಳುತ್ತೇನೆ. ಕಿಟ್ ಜೊತೆ ಬರುವ ನೀಲಿ ರಿಲೇಗೆ (ಬೋರ್ಡಿನ ಸಿಗ್ನಲ್‌ನಿಂದ ಆನ್-ಆಫ್ ಆಗುವ ಸ್ವಿಚ್) ಮೂರು ಫೇಸ್ ಮೋಟರ್ ಕಟ್ಟಬೇಡಿ. ಅದರ ಮೇಲೆ 10 ಆಂಪ್ ಅಂತ ಬರೆದಿರುತ್ತದೆ. ಮೋಟರ್ ಶುರುವಾಗುವಾಗ ಎಳೆಯುವ ಕರೆಂಟ್ ಅದರ ಹಲವು ಪಟ್ಟು, ಕಾಂಟ್ಯಾಕ್ಟ್ ಅಂಟಿಕೊಂಡರೆ ಮೋಟರ್ ನಿಲ್ಲುವುದೇ ಇಲ್ಲ. ನಿಮ್ಮ ಸ್ಟಾರ್ಟರ್‌ನ ಸ್ಟಾಪ್ ಸರ್ಕ್ಯೂಟ್ ಮಾತ್ರ ರಿಲೇಯಿಂದ ಕತ್ತರಿಸುವಂತೆ ಮಾಡಿಸಿ. ಓವರ್‌ಲೋಡ್, ಫೇಸ್ ಹೋದಾಗ ಕಾಯುವ ವ್ಯವಸ್ಥೆ ಎಲ್ಲ ಹಾಗೇ ಉಳಿಯಬೇಕು. ಆ ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಶಿರಸಿ ತೋಟದಮನೆ

ಫ್ಲೋಟ್ ಸ್ವಿಚ್ ವಿಚಾರ ಮನಸ್ಸಿಗೆ ಬಂತು. ಮೊದಲು ಅದನ್ನೇ ಮಾಡುತ್ತೇನೆ. ನಮ್ಮಲ್ಲಿ ಡಬ್ಬಿಯೊಳಗೆ ಇರುವೆ, ತೇವ ಎರಡೂ ಸೇರುತ್ತವೆ. ಕೇಬಲ್ ತೂರಿಸುವ ಜಾಗಕ್ಕೆ ಗ್ಲ್ಯಾಂಡ್ ಹಾಕಿ, ಬಾಯಿ ಕೆಳಮುಖ ಮಾಡಿ ಕೂರಿಸಿದರೆ ಮಳೆಗಾಲ ದಾಟುತ್ತದೆ. ಇತರರಿಗೆ ಉಪಯೋಗವಾಗಲಿ ಅಂತ ಹೇಳಿದೆ.

ಮೈಸೂರು ಸರ್ವರ್

ಪೈ ಥರದ್ದೇ ಬೇರೆ ಕಂಪನಿಯ ಬೋರ್ಡ್ ಆರೆಂಜ್ ಪೈ, ಯಾರೂ ಅದರ ಹೆಸರೇ ಎತ್ತಿಲ್ಲ. ಆರೆಂಜ್ ಪೈ 5ರಲ್ಲಿ ಎಂಟು ಕೋರ್ ಇವೆ. ಪೈ 5ರಲ್ಲಿ ನಾಲ್ಕು. ಸುಮ್ನೆ ಹೆಸರಿಗೆ ದುಡ್ಡು ಕೊಡುವುದು ಯಾಕೆ?

ಧಾರವಾಡ ಲಿನಕ್ಸ್

ಹಾರ್ಡ್‌ವೇರ್ ಒಳ್ಳೆಯದೇ. ಕೊಳ್ಳುವ ಮೊದಲು ಎರಡು ನೋಡಿ. ಅದಕ್ಕೆ ಸಿಗುವ ಲಿನಕ್ಸ್ ಕೊನೆಯದಾಗಿ ಯಾವಾಗ ಅಪ್‌ಡೇಟ್ ಆಗಿದೆ? ಇಂಥ ಬೋರ್ಡ್‌ಗಳಿಗೆಂದೇ ಇರುವ ಲಿನಕ್ಸ್ ಆರ್ಮ್‌ಬಿಯನ್ ಅದನ್ನು ಚೆನ್ನಾಗಿ ನಡೆಸುತ್ತದಾ? ಪೈ ವಿಶೇಷ ಅಂದರೆ 2012ರ ಬೋರ್ಡ್‌ಗೂ ಇವತ್ತು ಹೊಸ ಸಿಸ್ಟಮ್ ಸಿಗುತ್ತದೆ, ಮತ್ತೆ ಯಾವ ತೊಂದರೆ ಬಂದರೂ ಅದನ್ನು ಮೊದಲೇ ಎದುರಿಸಿ ಬಗೆಹರಿಸಿದವರು ಇರುತ್ತಾರೆ. ಅನುಭವ ಇರುವವರು, ಪರದೆ ಇಲ್ಲದ ಸರ್ವರ್ ಮಾಡುವವರು ಆರೆಂಜ್ ಪೈ ಧೈರ್ಯವಾಗಿ ತಗೊಳ್ಳಲಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಮನೆಗೆ ಫೋಟೋ ಸರ್ವರ್, ಸಿನಿಮಾ ಸರ್ವರ್ ಅಷ್ಟೇ ಬೇಕು, ಪಿನ್ ಮುಟ್ಟುವುದೇ ಇಲ್ಲ ಅನ್ನುವವರು ಇಂಟೆಲ್ ಎನ್100 ಇರುವ ಮಿನಿ ಪಿಸಿ ನೋಡಿ. ಪೈ 5, ಕೇಸ್, ಕೂಲರ್, ಅಡಾಪ್ಟರ್, ಎಸ್‌ಎಸ್‌ಡಿ, ಅದನ್ನು ಪೈಗೆ ಸೇರಿಸುವ ಹ್ಯಾಟ್ ಬೋರ್ಡ್ ಎಲ್ಲ ಕೂಡಿಸಿ ಲೆಕ್ಕ ಹಾಕಿ ನೋಡಿ. ಮಿನಿ ಪಿಸಿಯಲ್ಲಿ ಅದೆಲ್ಲ ಒಳಗೇ ಇರುತ್ತದೆ.

ರಾಯಚೂರು ಗ್ರಂಥಾಲಯ

ನಮ್ಮ ಹಾಸ್ಟೆಲ್‌ನಲ್ಲಿ ಇಂಟರ್‌ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕನ್ನಡ ವಿಕಿಪೀಡಿಯವನ್ನು ಇಂಟರ್‌ನೆಟ್ ಇಲ್ಲದೆ ಮಕ್ಕಳ ಮೊಬೈಲ್‌ಗೆ ಕೊಡಬೇಕು. ಅದಕ್ಕೆ ಕಿವಿಕ್ಸ್ ಅನ್ನುವ ಪ್ರೋಗ್ರಾಂ ಇದೆ ಅಂತ ಕೇಳಿದ್ದೇನೆ. ದಿನಕ್ಕೆ ಹಲವು ಸಲ ಕರೆಂಟ್ ಹೋಗುತ್ತದೆ. ಯಾವ ಪೈ ತಗೊಳ್ಳಲಿ?

ಧಾರವಾಡ ಲಿನಕ್ಸ್

ಇದು ಪೈಗೆ ಹೇಳಿ ಮಾಡಿಸಿದ ಕೆಲಸ. ಪೈ 4, 2 ಜಿಬಿ ಸಾಕು. ಹಳೆಯದು ಯಾರ ಹತ್ತಿರವಾದರೂ ಇದ್ದರೆ ಹೊಸದು ಕೊಳ್ಳಲೇಬೇಡಿ. ಕಿವಿಕ್ಸ್ ಸರ್ವರ್ ಹಾಕಿ, ಕನ್ನಡ ವಿಕಿಪೀಡಿಯದ ಫೈಲ್ ಒಂದು ಸಲ ಇಳಿಸಿಕೊಳ್ಳಿ. ಇಂಗ್ಲಿಷ್ ವಿಕಿಪೀಡಿಯಕ್ಕೆ ಹೋಲಿಸಿದರೆ ತುಂಬಾ ಚಿಕ್ಕದು. ಮಕ್ಕಳು ಮೊಬೈಲ್ ಬ್ರೌಸರ್‌ನಲ್ಲೇ ಓದುತ್ತಾರೆ.

ಪೈಯ ಒಳಗಿನ ವೈಫೈಗೆ ತುಂಬಾ ಮೊಬೈಲ್ ಒಟ್ಟಿಗೆ ಬಂದರೆ ಒದ್ದಾಡುತ್ತದೆ. ಒಂದು ಸಾಧಾರಣ ವೈಫೈ ರೂಟರ್ ತಂದು ಪೈಯನ್ನು ಅದಕ್ಕೆ ಲ್ಯಾನ್ ಕೇಬಲ್‌ನಿಂದ ಸೇರಿಸಿ. ಕರೆಂಟ್ ಹೋಗುವುದಕ್ಕೆ ಎರಡು ಪರಿಹಾರ. ಒಂದು, ಸೆಟ್ಟಿಂಗ್ಸ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡುವುದು. ಆಗ ಕಾರ್ಡ್‌ಗೆ ಏನೂ ಬರೆಯುವುದಿಲ್ಲ, ಥಟ್ಟನೆ ಕರೆಂಟ್ ಹೋದರೂ ಫೈಲ್ ಕೆಡುವ ಭಯ ಬಹಳ ಕಡಿಮೆ. ಇದಕ್ಕೆ ದುಡ್ಡೇ ಬೇಡ. ಎರಡು, ರೂಟರ್‌ಗೂ ಪೈಗೂ ಸೇರಿ ಹಾಸ್ಟೆಲ್ಲಿನ ಇನ್ವರ್ಟರ್ ಲೈನ್ ಕೊಡಿಸುವುದು. ಮೊದಲನೆಯದನ್ನು ಇವತ್ತೇ ಮಾಡಿ. ಎಲ್ಲ ಸರಿಯಾದ ಮೇಲೆ ಕಾರ್ಡಿನ ನಕಲು ಮಾಡಿ ಇನ್ನೊಂದು ಕಾರ್ಡ್ ಕಪಾಟಿನಲ್ಲಿ ಇಟ್ಟುಬಿಡಿ. ನೀವು ರಜೆಯಲ್ಲಿದ್ದಾಗ ವಾರ್ಡನ್ ಅವರೇ ಬದಲಿಸಬಹುದು.

ಶಿವಮೊಗ್ಗದ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ತಮ್ಮ ಬೆಂಗಳೂರಿನಲ್ಲಿದ್ದಾನೆ, ಎಸ್‌ಪಿ ರೋಡ್‌ಗೆ ಹೋಗಿ ಪಟ್ಟಿಯಲ್ಲಿದ್ದದ್ದನ್ನೆಲ್ಲ ತಂದುಕೊಟ್ಟ. ಪಿಕೊ ಡಬ್ಲ್ಯೂಎಚ್ ಸಿಕ್ಕಿತು. ಬಿಲ್ ಕೂಡ ತಂದಿದ್ದಾನೆ. ಎಲ್‌ಇಡಿ ಮಿನುಗಿತು, ಮಣ್ಣಿನ ಸೆನ್ಸರ್ ನಂಬರ್ ತೋರಿಸುತ್ತಿದೆ. ಈಗ 5 ವೋಲ್ಟಿನ ಪುಟ್ಟ ಪಂಪ್ ಇದೆ. ಮಗಳು ಅದನ್ನು ನೇರವಾಗಿ ಪಿಕೊ ಪಿನ್‌ಗೆ ಹಾಕಲಾ ಅಂತ ಕೇಳುತ್ತಿದ್ದಾಳೆ. ನಿಮ್ಮನ್ನು ಕೇಳುವವರೆಗೆ ಬೇಡ ಅಂದಿದ್ದೇನೆ. ಇನ್ನೊಂದು ಪ್ರಶ್ನೆ ಅವಳದ್ದೇ: ಒಣ ಮಣ್ಣಿಗೆ ನಂಬರ್ ಜಾಸ್ತಿ, ಒದ್ದೆಗೆ ಕಮ್ಮಿ ಬರುತ್ತಿದೆ. ಉಲ್ಟಾ ಯಾಕೆ?

ಎಂಬೆಡೆಡ್ ಬೆಂಗಳೂರು

ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ. ಸೆನ್ಸರ್ ಸರಿಯಾಗೇ ಇದೆ. ಕೆಪ್ಯಾಸಿಟಿವ್ ಸೆನ್ಸರ್‌ನಲ್ಲಿ ತೇವ ಏರಿದಂತೆ ಹೊರಬರುವ ವೋಲ್ಟೇಜ್ ಇಳಿಯುತ್ತದೆ. ಒಣಗಿದ ಮಣ್ಣಿನಲ್ಲಿ ಒಂದು ನಂಬರ್, ನೀರು ಹಾಕಿದ ಮಣ್ಣಿನಲ್ಲಿ ಒಂದು ನಂಬರ್ ಬರೆದುಕೊಂಡು ಅವೆರಡರ ನಡುವೆ ಎಲ್ಲಿ ನೀರು ಬಿಡಬೇಕು ಅಂತ ಅವಳೇ ತೀರ್ಮಾನಿಸಲಿ. ಕುಂಡ ಬದಲಾದರೆ ನಂಬರೂ ಬದಲಾಗುತ್ತದೆ. ಸೆನ್ಸರಿನ ಮೇಲ್ಭಾಗದ ಚಿಪ್‌ಗಳಿಗೆ ನೀರು ತಾಗಬಾರದು, ಅದರ ಮೇಲಿನ ಗೆರೆಯವರೆಗೆ ಮಾತ್ರ ಮಣ್ಣಿಗೆ ಇಳಿಸಿ. ಸೆನ್ಸರ್‌ಗೆ ಪವರ್ ಪಿಕೊದ 3.3 ವೋಲ್ಟ್ ಪಿನ್ನಿನಿಂದಲೇ ಕೊಡಿ.

ಪಂಪ್ ನೇರವಾಗಿ ಪಿನ್‌ಗೆ ಬೇಡವೇ ಬೇಡ, ತಡೆದದ್ದು ಒಳ್ಳೆಯದಾಯಿತು. ಪಿನ್ನಿನಿಂದ ಸಿಗುವುದು ಕೆಲವು ಮಿಲಿಆಂಪ್, ಪಂಪ್‌ಗೆ ನೂರಕ್ಕೂ ಜಾಸ್ತಿ ಬೇಕು. ತಮ್ಮನಿಗೆ ಹೇಳಿ ಮಾಸ್‌ಫೆಟ್ ಮಾಡ್ಯೂಲ್ (ಪಿನ್ನಿನ ಸಣ್ಣ ಸಿಗ್ನಲ್‌ನಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡುವ ಸ್ವಿಚ್) ಒಂದು ತರಿಸಿ, 3.3 ವೋಲ್ಟ್ ಸಿಗ್ನಲ್‌ಗೆ ಕೆಲಸ ಮಾಡುವುದು ಅಂತ ಕೇಳಿ. ಪಂಪ್‌ಗೆ ಪವರ್ ಬೇರೆ 5 ವೋಲ್ಟ್ ಅಡಾಪ್ಟರ್‌ನಿಂದ. ಆ ಅಡಾಪ್ಟರಿನ ಗ್ರೌಂಡು, ಪಿಕೊದ ಗ್ರೌಂಡು ಒಂದಕ್ಕೊಂದು ಸೇರಿರಲೇಬೇಕು, ಇಲ್ಲದಿದ್ದರೆ ಸಿಗ್ನಲ್ ತಲುಪುವುದಿಲ್ಲ. ಪಂಪಿನ ಎರಡು ವೈರ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕಿ, ಬಿಳಿ ಪಟ್ಟಿ ಇರುವ ಕಡೆ ಪ್ಲಸ್‌ಗೆ. ಪಂಪ್ ನಿಂತಾಗ ಹಿಂದಕ್ಕೆ ಚಿಮ್ಮುವ ವೋಲ್ಟೇಜ್ ಅದರಲ್ಲೇ ಹರಿದುಹೋಗುತ್ತದೆ.

ಪ್ರೋಗ್ರಾಂನಲ್ಲಿ ಒಂದು ಮಿತಿ ಇರಲಿ. ಸೆನ್ಸರ್ ಏನೇ ಹೇಳಿದರೂ ಪಂಪ್ ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಜಾಸ್ತಿ ಓಡಬಾರದು, ಆಮೇಲೆ ಅರ್ಧ ಗಂಟೆ ಕಾಯಬೇಕು. ಸೆನ್ಸರ್ ವೈರ್ ಕಳಚಿದರೆ ಬಾಲ್ಕನಿಯಿಂದ ಕೆಳಗಿನ ಮನೆಯವರಿಗೆ ನೀರು ಹೋಗಬಾರದು ನೋಡಿ. ಬಕೆಟ್ ನೀರು ಖಾಲಿಯಾದರೆ ಆ ಪುಟ್ಟ ಪಂಪ್ ಒಣಗಿ ಓಡಿ ಕೆಡುತ್ತದೆ, ಆದ್ದರಿಂದ ಊರಿಗೆ ಹೊರಡುವ ಮೊದಲು ದೊಡ್ಡ ಬಕೆಟ್ ತುಂಬಿಸಿಡಿ. ಮಾಸ್‌ಫೆಟ್ ಬಂದ ಮೇಲೆ ವೈರಿಂಗಿನ ಫೋಟೋ ಇಲ್ಲಿ ಹಾಕಿ, ಪವರ್ ಕೊಡುವ ಮೊದಲು ನಾವು ನೋಡುತ್ತೇವೆ.